ಹಳೇ ಕಾರಿಗೆ ಹೊಸ ಹೆಡ್‌ಲೈಟ್ ಹಾಕೋ ಮೊದಲು

ಡಾಟ್ಸನ್ 240ಝಡ್, ಎಂಜಿಬಿ ತರಹದ ಕಾರುಗಳ ಏಳಿಂಚಿನ ಸೀಲ್ಡ್ ಬೀಮ್ (ಬಲ್ಬು, ಗಾಜು ಎಲ್ಲಾ ಸೇರಿ ಒಂದೇ ತುಂಡಾಗಿರೋ ದೀಪ) ತೆಗೆದು ಎಚ್4 ಲೈಟ್ (ಬಲ್ಬ್ ಮಾತ್ರ ಬದಲಿಸಬಹುದಾದ ಹ್ಯಾಲೊಜೆನ್ ದೀಪ) ಕೂರಿಸೋದು ಮನೇಲೇ ಆಗೋ ಕೆಲಸ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಶುರು ಮಾಡಿ. ದೀಪದ ಸುತ್ತಲಿನ ರಿಂಗ್ ಹಿಡಿದಿರೋ ಸ್ಕ್ರೂಗಳನ್ನಷ್ಟೇ ಸಡಿಲಿಸಿ. ಸ್ಪ್ರಿಂಗ್ ಇರೋ ಉದ್ದದ ಸ್ಕ್ರೂಗಳು ಬೆಳಕಿನ ದಿಕ್ಕು ಹೊಂದಿಸೋದಕ್ಕೆ, ಸದ್ಯಕ್ಕೆ ಅವುಗಳ ತಂಟೆ ಬೇಡ. ತುಕ್ಕಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ.

ನಿಜವಾದ ಲಾಭ ಇರೋದು ವೈರಿಂಗ್‌ನಲ್ಲಿ. 240ಝಡ್‌ನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹರಿಯುತ್ತೆ. ದಾರಿಯಲ್ಲಿ ವೋಲ್ಟೇಜ್ ಬೀಳುತ್ತೆ, ಸ್ವಿಚ್ಚೂ ಬಿಸಿಯಾಗುತ್ತೆ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇ 30ರಷ್ಟು ಕಡಿಮೆ! ಲೈಟ್ ಉರೀತಿರುವಾಗಲೇ ಬಲ್ಬ್ ಕನೆಕ್ಟರ್‌ನಲ್ಲಿ, ಆಮೇಲೆ ಬ್ಯಾಟರಿಯಲ್ಲಿ ಮೀಟರ್ ಹಿಡಿದು ನೋಡಿ. ಒಂದು ವೋಲ್ಟ್ ವ್ಯತ್ಯಾಸ ಕಂಡರೆ ರಿಲೇ ಹಾರ್ನೆಸ್ (ಸ್ವಿಚ್ ಮೇಲೆ ಭಾರ ಹಾಕದೆ ಬ್ಯಾಟರಿಯಿಂದ ನೇರ ದೀಪಕ್ಕೆ ಕರೆಂಟ್ ಕೊಡೋ ವೈರುಗಳ ಜೋಡಣೆ) ಹಾಕಿ, ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಕೆಲವು ಕಾರುಗಳಲ್ಲಿ ಸ್ವಿಚ್ ಇರೋದು ಅರ್ಥ್ ಕಡೆ (ಕರೆಂಟ್ ಬರೋ ವೈರಿನಲ್ಲಲ್ಲ, ಕಾರಿನ ಬಾಡಿಗೆ ವಾಪಸ್ ಹೋಗೋ ವೈರಿನಲ್ಲಿ), ಹಾರ್ನೆಸ್ ಕೊಳ್ಳೋ ಮುಂಚೆ ವೈರಿಂಗ್ ಡಯಾಗ್ರಾಮ್ ನೋಡಿಕೊಳ್ಳಿ.

100 ವ್ಯಾಟ್ ಬಲ್ಬಿನ ಆಸೆ ಬಿಡಿ, ಸರಿಯಾದ ವೋಲ್ಟೇಜ್ ಸಿಕ್ಕರೆ 60/55 ವ್ಯಾಟ್ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಸಾಕು. ಹ್ಯಾಲೊಜೆನ್ ರಿಫ್ಲೆಕ್ಟರ್‌ಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತೆ, ಜೊತೆಗೆ ಎಲ್‌ಇಡಿಯ ಹಿಂದಿನ ಫ್ಯಾನ್ ಎಷ್ಟೋ ಸಲ ದೀಪ ಕೂರೋ ಬಕೆಟ್‌ನೊಳಗೆ ಹಿಡಿಸೋದೇ ಇಲ್ಲ. ಕೊನೆಗೆ ಸಮತಟ್ಟು ಜಾಗದಲ್ಲಿ, ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಲೋ ಬೀಮ್ ಹೊಂದಿಸಿ. ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಬೇಕು.