ಇಂಗ್ಲೆಂಡಿನ ಶಾಲೆಯಲ್ಲಿ ಸೆಟ್, ಟಿಯರ್ ಮತ್ತು ನಿಮ್ಮ ಮಗುವಿನ ಗಣಿತ

ಇಂಗ್ಲೆಂಡಿನಲ್ಲಿ ಮಕ್ಕಳು 11ನೇ ವಯಸ್ಸಿಗೆ ಇಯರ್ 7, ಅಂದರೆ ಸೆಕೆಂಡರಿ ಶಾಲೆ ಸೇರುತ್ತಾರೆ. ಸ್ವಲ್ಪ ದಿನದಲ್ಲೇ "ಮ್ಯಾಥ್ಸ್‌ನಲ್ಲಿ ನಾನು ಸೆಟ್ 3" ಅಂತ ಮಗು ಹೇಳಬಹುದು. ಊರಿನ ಎ ಸೆಕ್ಷನ್, ಬಿ ಸೆಕ್ಷನ್ ಅಲ್ಲ ಇದು. ಇಲ್ಲಿ ಮಗುವಿನ ಮಟ್ಟ ನೋಡಿ ಒಂದೊಂದು ವಿಷಯಕ್ಕೂ ಬೇರೆ ಗುಂಪು, ಅದೇ ಸೆಟ್. ಗಣಿತದಲ್ಲಿ ಮೊದಲ ಸೆಟ್‌ನಲ್ಲಿರುವವಳು ಫ್ರೆಂಚ್‌ನಲ್ಲಿ ಕೊನೆಯ ಸೆಟ್‌ನಲ್ಲಿ ಇರಬಹುದು. ಎಲ್ಲ ಪಾಠಕ್ಕೂ ಒಂದೇ ಗುಂಪಾದರೆ ಅದು ಸ್ಟ್ರೀಮಿಂಗ್. ಸೆಟ್ ಮಾಡಲೇಬೇಕು ಎಂಬ ಸರ್ಕಾರಿ ನಿಯಮವಿಲ್ಲ, ತೀರ್ಮಾನ ಶಾಲೆಯದು.

ಗುಂಪು ಮಾಡಲು ಹೆಚ್ಚಿನ ಶಾಲೆಗಳು ಇಯರ್ 6ರ ಸ್ಯಾಟ್ಸ್, ಅಂದರೆ ಪ್ರೈಮರಿ ಶಾಲೆಯ ಕೊನೆಯ ರಾಷ್ಟ್ರೀಯ ಪರೀಕ್ಷೆಯ ಅಂಕ ನೋಡುತ್ತವೆ. ಅದು 80ರಿಂದ 120ರವರೆಗೆ ಇರುತ್ತದೆ, 100 ಬಂದರೆ ನಿರೀಕ್ಷಿತ ಮಟ್ಟ. ಕೆಲವು ಶಾಲೆಗಳು ಯೋಚನಾ ಶಕ್ತಿ ಅಳೆಯುವ ಕ್ಯಾಟ್ ಎಂಬ ಪರೀಕ್ಷೆಯನ್ನೂ ಕೊಡುತ್ತವೆ. ನೇರವಾಗಿ ಭಾರತದಿಂದ ಬಂದ ಮಗುವಿಗೆ ಸ್ಯಾಟ್ಸ್ ಅಂಕವೇ ಇರುವುದಿಲ್ಲ. ಲೆಕ್ಕ ಚೆನ್ನಾಗಿ ಬರುತ್ತದೆ, ಆದರೆ ಇಂಗ್ಲಿಷಿನ ಉದ್ದುದ್ದ ಪ್ರಶ್ನೆ ಅರ್ಥವಾಗದೆ ಕೆಳಗಿನ ಸೆಟ್‌ಗೆ ಹೋಗುವ ಅಪಾಯ ಇಲ್ಲೇ ಇರುವುದು. ಹಳೆಯ ಶಾಲೆಯ ಅಂಕಪಟ್ಟಿ, ನೋಟ್‌ಬುಕ್ ಹಿಡಿದು ಗಣಿತ ವಿಭಾಗದ ಮುಖ್ಯಸ್ಥರನ್ನು ಭೇಟಿ ಮಾಡಿ. ಸಂಕೋಚ ಬೇಡ. ಕೇಳುವ ಪೋಷಕರನ್ನು ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಆದರೆ ಸೆಟ್ ನಂಬರಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಿಜವಾಗಿ ಕೇಳಬೇಕಾದ್ದು ಟಿಯರ್ ಬಗ್ಗೆ. 16ನೇ ವಯಸ್ಸಿನ ಪಬ್ಲಿಕ್ ಪರೀಕ್ಷೆಯಾದ ಜಿಸಿಎಸ್‌ಇ ಗಣಿತದಲ್ಲಿ ಎರಡು ಮಟ್ಟದ ಪ್ರಶ್ನೆಪತ್ರಿಕೆ ಇವೆ: ಸುಲಭದ್ದು ಫೌಂಡೇಶನ್, ಕಷ್ಟದ್ದು ಹೈಯರ್. ಈ ಮಟ್ಟವೇ ಟಿಯರ್. ಫೌಂಡೇಶನ್ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ಗ್ರೇಡ್ 5 ದಾಟುವಂತಿಲ್ಲ. ಹೈಯರ್ ಬರೆದರೆ ಅತಿ ಮೇಲಿನ ಗ್ರೇಡ್ ಆದ 9ರವರೆಗೆ ದಾರಿ ಇದೆ, ಆದರೆ ತೀರಾ ಕಡಿಮೆ ಬಂದರೆ ಗ್ರೇಡೇ ಸಿಗದೆ ಹೋಗಬಹುದು. ಜಿಸಿಎಸ್‌ಇ ನಂತರದ ಎ ಲೆವೆಲ್ ಓದಿನಲ್ಲಿ ಗಣಿತಕ್ಕೆ ಸಾಮಾನ್ಯವಾಗಿ 6 ಅಥವಾ 7 ಕೇಳುತ್ತಾರೆ. ಅಂದರೆ ಫೌಂಡೇಶನ್ ಬರೆದ ಮಗುವಿಗೆ ಆ ಬಾಗಿಲು ಬಹುಪಾಲು ಮುಚ್ಚಿದಂತೆ. ಎಂಜಿನಿಯರಿಂಗ್ ಕನಸಿದ್ದರೆ ಇದು ದೊಡ್ಡ ವಿಷಯ ಅಲ್ವಾ? ವಿಜ್ಞಾನ ಮತ್ತು ಫ್ರೆಂಚ್, ಜರ್ಮನ್‌ನಂಥ ಭಾಷೆಗಳಲ್ಲೂ ಟಿಯರ್ ಇದೆ. ಇಂಗ್ಲಿಷ್, ಇತಿಹಾಸ, ಭೂಗೋಳದಲ್ಲಿ ಇಲ್ಲ.

ಟಿಯರ್ ಇಯರ್ 11ರಲ್ಲಿ ಅಧಿಕೃತವಾಗುತ್ತದೆ ನಿಜ. ಆದರೆ ಕೆಳಗಿನ ಸೆಟ್‌ನಲ್ಲಿ ಹೈಯರ್‌ನ ಕೆಲವು ಪಾಠಗಳನ್ನೇ ಮಾಡದಿದ್ದರೆ, ಕೊನೆಗೆ ಮೇಲೆ ಹಾರುವುದು ಬಹಳ ಕಷ್ಟ. ಹಾಗಾಗಿ ಇಯರ್ 8, 9ರಲ್ಲೇ ಪೇರೆಂಟ್ಸ್ ಈವ್ನಿಂಗ್, ಅಂದರೆ ಪೋಷಕರು ಶಿಕ್ಷಕರನ್ನು ಭೇಟಿ ಮಾಡುವ ಸಂಜೆ, ಇಷ್ಟು ಕೇಳಿ: ಈ ಸೆಟ್ ಯಾವ ಟಿಯರ್‌ಗೆ ಹೋಗುತ್ತದೆ? ಸೆಟ್ ಬದಲಾವಣೆ ಯಾವಾಗ ಮಾಡುತ್ತೀರಿ? ಮೇಲಿನ ಸೆಟ್‌ಗೆ ಹೋಗಲು ಏನು ಕಲಿತಿರಬೇಕು? "ನೋಡೋಣ" ಎಂಬ ಉತ್ತರಕ್ಕೆ ಒಪ್ಪಬೇಡಿ, ಪಾಠಗಳ ಹೆಸರು ಬರೆಸಿಕೊಳ್ಳಿ.

ಗ್ರೇಡ್ 4 ಬಂದರೆ ಪಾಸ್. ಗಣಿತದಲ್ಲೋ ಇಂಗ್ಲಿಷಿನಲ್ಲೋ ಅದು ಬರದಿದ್ದರೆ 16ರ ನಂತರವೂ ಆ ವಿಷಯ ಓದುತ್ತಲೇ ಇರಬೇಕು. ಲೆಕ್ಕ ಕಂಡರೆ ಹೆದರುವ ಮಗುವನ್ನು ಮರ್ಯಾದೆಯ ಪ್ರಶ್ನೆ ಮಾಡಿ ಹೈಯರ್‌ಗೆ ತಳ್ಳಬೇಡಿ. ಅಂಥ ಮಗುವಿಗೆ ಫೌಂಡೇಶನ್‌ನಲ್ಲಿ ಗಟ್ಟಿಯಾದ 5 ತುಂಬಾ ಒಳ್ಳೆಯ ಫಲ.