ನೆಟ್‌ವರ್ಕ್ ಸ್ವಿಚ್ ಕೊಳ್ಳುವ ಮುಂಚೆ ಮನೆಗೊಂದು ಸುತ್ತು ಹಾಕಿ

ನಮ್ಮದು ಹೊಸನಗರ ಕಡೆಯ ಹಳೇ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಜಗಲಿಯಲ್ಲಿಟ್ಟ ರೂಟರ್‌ನ ವೈಫೈ ನಡುಮನೆ ದಾಟುವಷ್ಟರಲ್ಲಿ ಸೊರಗುತ್ತದೆ. ಅಡುಗೆಮನೆಗಂತೂ ಬರುವುದೇ ಇಲ್ಲ. ಮೂರು ವರ್ಷದ ಹಿಂದೆ ಬೇಜಾರಾಗಿ ಕೇಬಲ್ ಎಳೆಸಿದೆವು. ಮಹಡಿಯ ಕೋಣೆಗೊಂದು, ಟಿವಿಗೊಂದು, ಅಂಗಳದಾಚೆ ಅಡಿಕೆ ಸುಲಿಯುವ ಶೆಡ್ಡಿನ ಕ್ಯಾಮೆರಾಗೊಂದು. ರೂಟರ್‌ನಲ್ಲಿ ಪೋರ್ಟು, ಅಂದರೆ ಕೇಬಲ್ ಚುಚ್ಚುವ ಕಿಂಡಿ, ಸಾಲಲಿಲ್ಲ. ಪೇಟೆಗೆ ಹೋದ ದಿನ ಪೋರ್ಟು ಹೆಚ್ಚಿಸುವ ಪೆಟ್ಟಿಗೆ, ಅಂದರೆ ಕೈಗೆ ಸಿಕ್ಕ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ ತಂದು ಚುಚ್ಚಿದೆ. ಕೆಲಸ ಮಾಡಿತು. ಮುಂದಿನ ಭರಣಿ ಮಳೆಯವರೆಗೆ.

ಆ ಸಂಜೆ ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ತೋಟದಾಚೆ ಎಲ್ಲೋ. ಆದರೂ ಸ್ವಿಚ್, ರೂಟರ್, ಕ್ಯಾಮೆರಾ, ಟಿವಿ ಪೆಟ್ಟಿಗೆ ನಾಲ್ಕೂ ಹೋದವು. ಕರೆಂಟಿನ ಪ್ಲಗ್ಗುಗಳನ್ನು ನಾನು ಮೊದಲೇ ಕಿತ್ತಿದ್ದೆ. ಕೀಳದೆ ಬಿಟ್ಟದ್ದು ಶೆಡ್ಡಿನಿಂದ ಬಂದ ನೆಟ್‌ವರ್ಕ್ ಕೇಬಲ್ಲನ್ನು. ಹೊಡೆತ ಅದನ್ನೇ ಹಿಡಿದು ಒಳಗೆ ಬಂದಿತ್ತು.

ಎರಡನೇ ಸಲ ಕೊಳ್ಳುವಾಗ ಬುದ್ಧಿ ಬಂದಿತ್ತು. ಆರಿಸುವ ಕೆಲಸವೆಲ್ಲ ಮನೆಯಲ್ಲೇ ಮುಗಿಸಿಕೊಂಡೆ. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗೆ ಹೋದಾಗ ದುಡ್ಡು ಕೊಡುವುದಷ್ಟೇ ಬಾಕಿ ಇತ್ತು. ನೀವೂ ಹಾಗೆ ಮಾಡಬಹುದು. ಬೇಕಾದದ್ದು ಒಂದು ಹಾಳೆ, ಪೆನ್ಸಿಲ್, ಅಳತೆ ಟೇಪು.

ಅದಕ್ಕೂ ಮುಂಚೆ ಒಂದು ಮಾತು. ಸ್ವಿಚ್ ಇಂಟರ್ನೆಟ್ ತರುವುದಿಲ್ಲ, ಅದು ರೂಟರ್‌ನ ಕೆಲಸ. ಸ್ವಿಚ್ ಹಳ್ಳಿಯ ಪೋಸ್ಟ್‌ಮ್ಯಾನ್ ಇದ್ದಂತೆ. ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸ ಅಂತ ಒಂದಿರುತ್ತದೆ. ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ ತಾನೇ ಗುರುತಿಟ್ಟುಕೊಂಡು, ಯಾರ ಕಾಗದವನ್ನು ಅವರಿಗೇ ತಲುಪಿಸುತ್ತದೆ. ಹಿಂದೆ ಬರುತ್ತಿದ್ದ ಹಬ್ ಎನ್ನುವ ಪೆಟ್ಟಿಗೆ ಒಬ್ಬರ ಕಾಗದವನ್ನು ಊರಿಗೆಲ್ಲ ಓದಿ ಹೇಳುತ್ತಿತ್ತು. ಯಾರಾದರೂ ಹಳೇ ಹಬ್ಬನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಿ.

ಹೆಜ್ಜೆ 1: ಎಣಿಸಿ

ಮನೆಯಲ್ಲಿ ಕೂತ ಜಾಗದಿಂದ ಏಳದ ಸಾಧನಗಳನ್ನೆಲ್ಲ ಬರೆಯಿರಿ. ಟಿವಿ, ಡೆಸ್ಕ್‌ಟಾಪ್, ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಮಹಡಿಯಲ್ಲಿಡುವ ಇನ್ನೊಂದು ವೈಫೈ ಪೆಟ್ಟಿಗೆ. ಇವಕ್ಕೆ ಕೇಬಲ್ ಕೊಟ್ಟರೆ ವೈಫೈ ಫೋನುಗಳಿಗೆ ಉಳಿಯುತ್ತದೆ.

ಎಣಿಸುವಾಗ ಎಲ್ಲರೂ ಮರೆಯುವುದು ಒಂದೇ: ರೂಟರ್‌ನಿಂದ ಬರುವ ಕೇಬಲ್ಲಿಗೂ ಒಂದು ಪೋರ್ಟು ಬೇಕು. ಐದು ಪೋರ್ಟಿನ ಸ್ವಿಚ್ಚಿನಲ್ಲಿ ನಿಮಗೆ ಸಿಗುವುದು ನಾಲ್ಕೇ. ಬಂದ ಲೆಕ್ಕಕ್ಕೆ ಎರಡು ಸೇರಿಸಿ. ಮನೆಗೆ ಎಂಟು ಪೋರ್ಟು ತೆಗೆದುಕೊಂಡವರು ಪಶ್ಚಾತ್ತಾಪಪಟ್ಟದ್ದನ್ನು ನಾನು ನೋಡಿಲ್ಲ.

ಕಚೇರಿಯ ಲೆಕ್ಕ ಬೇರೆ. ತೀರ್ಥಹಳ್ಳಿಯಲ್ಲೊಂದು ಅಡಿಕೆ ಮಂಡಿ ಎಂದಿಟ್ಟುಕೊಳ್ಳಿ. ಆರು ಕಂಪ್ಯೂಟರ್, ಎರಡು ಪ್ರಿಂಟರ್, ಹಾಜರಿಯ ಬೆರಳಚ್ಚು ಯಂತ್ರ, ಕ್ಯಾಮೆರಾ ರೆಕಾರ್ಡರ್, ವೈಫೈ, ರೂಟರ್. ಹನ್ನೆರಡಾಯಿತು. ಹದಿನಾರು ಪೋರ್ಟಿನದ್ದು ಬೇಕು. ಕಚೇರಿ ಎರಡು ಅಂತಸ್ತಿನಲ್ಲಿದ್ದರೆ ಮೇಲೊಂದು ಕೆಳಗೊಂದು ಎಂಟು ಪೋರ್ಟಿನವನ್ನು ಇಟ್ಟು ನಡುವೆ ಒಂದೇ ಕೇಬಲ್ ಎಳೆಯುವುದು ಜಾಣತನ. ಆಗ ಎರಡು ಪೋರ್ಟು ಆ ಜೋಡಣೆಗೇ ಹೋಗಿ ಹದಿನಾಲ್ಕು ಉಳಿಯುತ್ತವೆ.

ಹೆಜ್ಜೆ 2: ಅಳೆಯಿರಿ, ಸೂರು ದಾಟುವ ಕೇಬಲ್ಲಿಗೆ ಗುರುತು ಹಾಕಿ

ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. ಗೋಡೆ ಹತ್ತಿ ಇಳಿದು ಮೂಲೆ ಸುತ್ತುವುದೆಲ್ಲ ಇದರಲ್ಲೇ ಬರಬೇಕು. ಪೇಟೆ ಮನೆಗೆ ಇದು ಧಾರಾಳ. ನಮ್ಮಲ್ಲಿ ಕೊಟ್ಟಿಗೆ, ಶೆಡ್ಡು, ಪಂಪ್‌ಹೌಸ್ ಅಂತ ಹೊರಟರೆ ನೂರು ಮೀಟರ್ ಎಲ್ಲಿ ಮುಗಿಯಿತೋ ಗೊತ್ತೇ ಆಗುವುದಿಲ್ಲ. ಕ್ಯಾಮೆರಾಗೆಂದೇ ಬರುವ ಕೆಲವು ಸ್ವಿಚ್ಚುಗಳಲ್ಲಿ 250 ಮೀಟರ್‌ವರೆಗೆ ಎಳೆಯಬಹುದಾದ ಒಂದು ಗುಂಡಿ ಇರುತ್ತದೆ. ಒತ್ತಿದರೆ ವೇಗ 10 ಎಂಬಿಪಿಎಸ್‌ಗೆ (ಸೆಕೆಂಡಿಗೆ 10 ಮೆಗಾಬಿಟ್) ಇಳಿಯುತ್ತದೆ. ಒಂದು ಕ್ಯಾಮೆರಾಗೆ ಸಾಕು, ಬೇರೆ ಯಾವುದಕ್ಕೂ ಸಾಲದು.

ಉದ್ದಕ್ಕಿಂತ ದೊಡ್ಡ ವಿಷಯ ಸಿಡಿಲು. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಬಯಲಿನಲ್ಲಿ ಹಾದ ಉದ್ದನೆಯ ತಂತಿಯಲ್ಲಿ ತಾನಾಗಿಯೇ ವೋಲ್ಟೇಜು ಏಳುತ್ತದೆ. ಎರಡು ಕಟ್ಟಡಗಳ ನೆಲದ ನಡುವೆಯೂ ಆ ಕ್ಷಣಕ್ಕೆ ಭಾರೀ ವ್ಯತ್ಯಾಸ ಬರುತ್ತದೆ. ಎರಡನ್ನೂ ಸೇರಿಸಿರುವ ತಂತಿ ನಿಮ್ಮ ಸ್ವಿಚ್ಚಿನ ಕೇಬಲ್ಲು ತಾನೇ? ಹೀಗೆ ಏರಿದ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಬಹುದು. ಆದರೆ ಅದು ಕೆಲಸ ಮಾಡಬೇಕಾದರೆ ಒಳ್ಳೆಯ ಅರ್ಥಿಂಗ್ ಬೇಕು. ಜಂಬಿಟ್ಟಿಗೆ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗುಡುಗು ಜಾಸ್ತಿ ಇರುವುದೂ ಆಗಲೇ. ಬೇಸಿಗೆಯಲ್ಲಿ ಆ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ಯುವವರು ಊರಿಗೊಬ್ಬರಾದರೂ ಇದ್ದಾರೋ ಇಲ್ಲವೋ.

ಅದಕ್ಕೇ ನನ್ನ ಒಂದೇ ಹಟ: ಒಂದು ಸೂರಿನಿಂದ ಇನ್ನೊಂದು ಸೂರಿಗೆ ಹೋಗುವ ಕೇಬಲ್ ಫೈಬರ್ ಆಗಿರಲಿ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಕೇಳಲು ದೊಡ್ಡ ಸಂಗತಿ ಅನಿಸಬಹುದು. ಆದರೆ ಮನೆಗೆ ಬರುವ ಇಂಟರ್ನೆಟ್ಟೇ ಈಗ ಫೈಬರ್, ಅದನ್ನು ಬೆಸೆಯುವ ಹುಡುಗರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಎನ್ನುವ ಪೆಟ್ಟಿಗೆಗಳನ್ನು ಎರಡು ತುದಿಗೆ ಎರಡು ಇಟ್ಟರಾಯಿತು. ಇಲ್ಲವೇ ಎಸ್‌ಎಫ್‌ಪಿ ಕಿಂಡಿ ಇರುವ ಸ್ವಿಚ್ ತೆಗೆದುಕೊಂಡು ಅದರಲ್ಲೇ ಫೈಬರ್ ಕೂರಿಸಬಹುದು. ಒಂದೇ ಎಳೆಯಲ್ಲಿ ಹೋಗಿ ಬರುವ ಬಗೆಯದಾದರೆ ಕನ್ವರ್ಟರ್‌ಗಳು ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ. ಎರಡೂ ಎ ತಂದರೆ ಕೆಲಸ ಮಾಡುವುದಿಲ್ಲ, ಸುಮ್ನೆ ಇನ್ನೊಂದು ಬಸ್ ಚಾರ್ಜು.

ಇಲ್ಲೊಂದು ಮೋಸ ಇದೆ. ಕೆಲವು ಫೈಬರ್ ಕೇಬಲ್ಲಿನ ಜೊತೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಸಿಡಿಲಿಗೆ ಅದೂ ದಾರಿಯೇ. ಲೋಹ ಇಲ್ಲದ, ಬಲಕ್ಕೆ ಗಾಜುನಾರಿನ ಕಡ್ಡಿ ಇರುವ ಕೇಬಲ್ ಕೇಳಿ. ಸಿಗದಿದ್ದರೆ ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ, ಒಳಗೆ ತರಬೇಡಿ. ಇನ್ನೊಂದು, ಫೈಬರ್ ಕರೆಂಟನ್ನು ಒಯ್ಯುವುದಿಲ್ಲವಾದ್ದರಿಂದ ಶೆಡ್ಡಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇರಬೇಕು. ವಿದ್ಯುತ್ ಲೈನಿನಿಂದ ಬರುವ ಹೊಡೆತಕ್ಕೂ ಫೈಬರ್ ಮದ್ದಲ್ಲ. ಮೋಡ ಕಪ್ಪಾಗುತ್ತಿದ್ದಂತೆ ಪ್ಲಗ್ ಕೀಳುವುದು ತಪ್ಪುವುದಿಲ್ಲ. ಗುಡುಗು ಶುರುವಾದ ಮೇಲೆ ಮಾತ್ರ ಕೇಬಲ್ ಮುಟ್ಟಲು ಹೋಗಬೇಡಿ, ಹೋದರೆ ಸ್ವಿಚ್ ಹೋಗಲಿ.

ಮನೆಯೊಳಗಿನ ಓಟಕ್ಕೆ ಕ್ಯಾಟ್6 ಅಥವಾ ಕ್ಯಾಟ್5ಇ ಎನ್ನುವ ದರ್ಜೆಯ ಕೇಬಲ್, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಪೂರ್ತಿ ತಾಮ್ರದ್ದೇ ಆಗಿರಬೇಕು. ಸಿಸಿಎ ಎಂದು ಬರೆದದ್ದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಎಳೆಯನ್ನು ಚಾಕುವಿನಲ್ಲಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಅದು ಬೇಡ.

ಹೆಜ್ಜೆ 3: ವೇಗ

ಇದರಲ್ಲಿ ಯೋಚಿಸುವುದು ಜಾಸ್ತಿ ಇಲ್ಲ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನದ್ದು, ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ 10/100 ಅಂತಷ್ಟೇ ಇದ್ದರೆ ಅದು 100 ಎಂಬಿಪಿಎಸ್‌ನದ್ದು. 10/100/1000 ಇದ್ದರೆ ಗಿಗಾಬಿಟ್. ನಿಮ್ಮ ಪ್ಲಾನು 150 ಎಂಬಿಪಿಎಸ್‌ನದ್ದಾದರೆ 100ರ ಸ್ವಿಚ್ ಅದನ್ನು ಅಲ್ಲೇ ಕತ್ತರಿಸುತ್ತದೆ. ಮನೆಯೊಳಗಿನ ಸಾಗಾಟಕ್ಕೂ ವ್ಯತ್ಯಾಸ ದೊಡ್ಡದು. ಮದುವೆ ವಿಡಿಯೊದ 10 ಜಿಬಿ ಫೈಲನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಲು 100ರಲ್ಲಿ ಸುಮಾರು ಕಾಲು ಗಂಟೆ ಬೇಕು. ಗಿಗಾಬಿಟ್‌ನಲ್ಲಿ ಒಂದೂವರೆ ನಿಮಿಷ. 2.5 ಗಿಗಾಬಿಟ್ ಎಂದು ಮಾರುವವರಿದ್ದಾರೆ. ಸ್ಟುಡಿಯೊ ನಡೆಸುವವರಿಗೆ ಬೇಕಾದೀತು, ನಮಗ್ಯಾಕೆ?

ಹೆಜ್ಜೆ 4: ಕೇಬಲ್ಲಿನಲ್ಲೇ ಕರೆಂಟು ಬೇಕೇ?

ಕ್ಯಾಮೆರಾ, ಸೀಲಿಂಗಿಗೆ ಹಾಕುವ ವೈಫೈ, ಕಚೇರಿಯ ಐಪಿ ಫೋನು (ನೆಟ್‌ವರ್ಕ್ ಕೇಬಲ್ಲಿನಲ್ಲೇ ಓಡುವ ಫೋನು) ಇವಕ್ಕೆ ಡೇಟಾ ಹೋಗುವ ಕೇಬಲ್ಲಿನಲ್ಲೇ ಕರೆಂಟು ಕೊಡಬಹುದು. ಇದಕ್ಕೆ ಪಿಒಇ ಎನ್ನುತ್ತಾರೆ. ಹಳೇ ಮನೆಯ ಅಟ್ಟದ ಮೇಲೆ ಪ್ಲಗ್ ಪಾಯಿಂಟ್ ಹುಡುಕುವ ಕಷ್ಟ ತಪ್ಪುತ್ತದೆ.

ಪೆಟ್ಟಿಗೆಯ ಮೇಲೆ ಎರಡು ಅಂಕಿ ನೋಡಬೇಕು. ಒಂದು, ಪ್ರತಿ ಪೋರ್ಟಿನ ಶಕ್ತಿ. 802.3ಎಎಫ್ ಎಂದಿದ್ದರೆ ಪೋರ್ಟಿಗೆ 15.4 ವಾಟ್, 802.3ಎಟಿ ಎಂದಿದ್ದರೆ 30 ವಾಟ್. ಎರಡು, ಎಲ್ಲ ಪೋರ್ಟು ಸೇರಿ ಕೊಡುವ ಒಟ್ಟು ವಾಟ್. ಜನ ಎಡವುವುದು ಎರಡನೆಯದರಲ್ಲಿ. ಎಂಟು ಪೋರ್ಟು, ತಲಾ 30 ವಾಟ್ ಎಂದು ದೊಡ್ಡಕ್ಷರದಲ್ಲಿದ್ದು, ಒಟ್ಟು 60 ವಾಟ್ ಎಂದು ಮೂಲೆಯಲ್ಲಿ ಸಣ್ಣಗೆ ಬರೆದಿರಬಹುದು. ನಾಲ್ಕು ಕ್ಯಾಮೆರಾಗೆ ತಲಾ 8 ವಾಟ್ ಹಿಡಿದರೆ 32, ಒಂದು ವೈಫೈಗೆ 12 ಸೇರಿಸಿದರೆ 44. 60 ಸಾಕು, 45 ಸಾಲದು. ಯಾಕೆಂದರೆ ರಾತ್ರಿ ಹೊತ್ತು ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡಾಗ ಬಳಕೆ ಏರುತ್ತದೆ. ಹಗಲೆಲ್ಲ ಸರಿಯಿದ್ದು ಕತ್ತಲಾಗುತ್ತಿದ್ದಂತೆ ಕ್ಯಾಮೆರಾ ಆಫ್ ಆದರೆ, ಭೂತವನ್ನು ಹುಡುಕುವ ಮೊದಲು ಈ ಲೆಕ್ಕ ನೋಡಿ.

ಬರೀ ಕ್ಯಾಮೆರಾಗೆಂದೇ ಸ್ವಿಚ್ ತರುವುದಾದರೆ 100 ಎಂಬಿಪಿಎಸ್‌ನದ್ದೂ ನಡೆದೀತು. ಸಾಮಾನ್ಯ ಕ್ಯಾಮೆರಾ ಕೆಲವೇ ಎಂಬಿಪಿಎಸ್ ತಿನ್ನುತ್ತದೆ. ಎಎಫ್, ಎಟಿ ಎಂದು ಬರೆಯದೆ ಪ್ಯಾಸಿವ್ ಪಿಒಇ ಎಂದಷ್ಟೇ ಇರುವುದನ್ನು ಮಾತ್ರ ದೂರ ಇಡಿ. ಅದು ಎದುರಿಗಿರುವ ಸಾಧನಕ್ಕೆ ಕರೆಂಟು ಬೇಕೋ ಬೇಡವೋ ಎಂದು ಕೇಳದೆ ನುಗ್ಗಿಸುತ್ತದೆ. ಲ್ಯಾಪ್‌ಟಾಪ್ ಚುಚ್ಚಿದರೆ ಕಥೆ ಮುಗಿಯಬಹುದು.

ಹೆಜ್ಜೆ 5: ಮ್ಯಾನೇಜ್ಡ್ ಬೇಕೇ ಬೇಡವೇ

ಮ್ಯಾನೇಜ್ಡ್ ಅಂದರೆ ಒಳಗೆ ಹೊಕ್ಕು ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್. ಮನೆಗೆ ಬೇಡ. ಚುಚ್ಚಿದರೆ ಓಡುವ, ಯಾವ ಸೆಟ್ಟಿಂಗೂ ಇಲ್ಲದ ಅನ್‌ಮ್ಯಾನೇಜ್ಡ್ ಸ್ವಿಚ್ಚೇ ಸಾಕು.

ಹೋಂಸ್ಟೇ ಇದ್ದರೆ ಮಾತು ಬೇರೆ. ಆಗುಂಬೆ, ಸಾಗರದ ಕಡೆ ಮನೆಯ ಒಂದು ಭಾಗವನ್ನೇ ಅತಿಥಿಗಳಿಗೆ ಬಿಟ್ಟವರು ಎಷ್ಟೋ ಜನ. ಅತಿಥಿಗಳ ಫೋನು, ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾ ಎಲ್ಲ ಒಂದೇ ಸ್ವಿಚ್ಚಿನಲ್ಲಿದ್ದರೆ ಒಬ್ಬರಿಗೊಬ್ಬರು ಕಾಣುತ್ತಾರೆ. ಅತಿಥಿಗಳನ್ನು ಜಗಲಿಯಲ್ಲೇ ಕೂರಿಸಿ ನಡುಮನೆಗೆ ಬಿಡದಿರಲು ವಿಎಲ್‌ಎಎನ್ ಎನ್ನುವ ಅಡ್ಡಗೋಡೆ ಬೇಕು. ಅದಕ್ಕೆ ಸ್ಮಾರ್ಟ್ ಅಥವಾ ಈಸಿ ಸ್ಮಾರ್ಟ್ ಎಂದು ಮಾರುವ ಸ್ವಿಚ್ಚು ಸಾಕು. ರೂಟರ್ ಮತ್ತು ವೈಫೈ ಪೆಟ್ಟಿಗೆಗಳಿಗೂ ವಿಎಲ್‌ಎಎನ್ ಬರಬೇಕು, ಇಲ್ಲದಿದ್ದರೆ ಸ್ವಿಚ್ಚೊಂದೇ ಏನೂ ಮಾಡದು.

ಕಚೇರಿಗೆ ಸ್ಮಾರ್ಟ್ ಸ್ವಿಚ್ ಬೇಕೆನ್ನಲು ನನಗಿರುವ ಕಾರಣ ಲೂಪ್. ಪರಿಚಯದವರ ಕಚೇರಿಯಲ್ಲಿ ಕಸ ಗುಡಿಸಿದ ಮೇಲೆ ಯಾರೋ ನೇತಾಡುತ್ತಿದ್ದ ಕೇಬಲ್ಲಿನ ತುದಿಯನ್ನು ಪಾಪ ಎಂದು ಖಾಲಿ ಪೋರ್ಟಿಗೆ ಚುಚ್ಚಿದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗಿ, ಇಡೀ ಕಚೇರಿಯ ನೆಟ್ಟು ಅರ್ಧ ದಿನ ಸತ್ತಿತ್ತು. ಲೂಪ್ ತಡೆಯುವ ವ್ಯವಸ್ಥೆ ಇರುವ ಸ್ವಿಚ್ ಆ ಪೋರ್ಟನ್ನು ತಾನೇ ಮುಚ್ಚುತ್ತದೆ. ಕೊಳ್ಳುವಾಗ ಇದನ್ನು ಕೇಳಿ.

ಅಂಗಡಿಯಲ್ಲಿ

ಫ್ಯಾನ್ ಇಲ್ಲದ್ದು, ಲೋಹದ ಕವಚದ್ದು ನನ್ನ ಆಯ್ಕೆ. ಬಿಸಿ ಬೇಗ ಬಿಡುತ್ತದೆ, ಗೋಡೆಗೆ ನೇತುಹಾಕಬಹುದು. ಟಿಪಿ-ಲಿಂಕ್, ಡಿ-ಲಿಂಕ್, ನೆಟ್‌ಗೇರ್ ಎಂದು ಹೆಸರಿನ ಮೇಲೆ ಜಗಳ ಬೇಡ. ಕೆಟ್ಟರೆ ಬದಲಿ ಎಲ್ಲಿ ಕೊಡುತ್ತೀರಿ, ಶಿವಮೊಗ್ಗದಲ್ಲೋ ಬೆಂಗಳೂರಿಗೆ ಕಳಿಸಬೇಕೋ ಎಂದು ಕೇಳಿ. ಸಿಡಿಲಿಗೆ ಸುಟ್ಟದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಅಡಾಪ್ಟರಿನ ವೋಲ್ಟೇಜನ್ನು ಅಲ್ಲೇ ಓದಿಕೊಳ್ಳಿ. ಲಿಂಗನಮಕ್ಕಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕತ್ತಲೆಯೇ ಗತಿ. ಹಾಗಾಗಿ ರೂಟರಿಗೆ ಪುಟ್ಟ 12 ವೋಲ್ಟ್ ಯುಪಿಎಸ್ ಇಟ್ಟವರು ಬಹಳ. ಸಣ್ಣ ಸ್ವಿಚ್ಚುಗಳಲ್ಲಿ 5 ವೋಲ್ಟ್, 9 ವೋಲ್ಟಿನವೂ ಇವೆ. ಪಿನ್ ಕೂರುತ್ತದೆ ಅಂತ 12 ವೋಲ್ಟ್ ಚುಚ್ಚಿದರೆ ಹೊಗೆ ಬರುತ್ತದೆ. ಪಿಒಇ ಸ್ವಿಚ್ಚಿಗೆ ಆ ಪುಟ್ಟ ಯುಪಿಎಸ್ ಸಾಲುವುದೇ ಇಲ್ಲ, ಮನೆಯ ಇನ್ವರ್ಟರಿಗೇ ಕೊಡಿ.

ಕೂರಿಸುವ ದಿನ

ನೆಲದಿಂದ ಎತ್ತರದಲ್ಲಿ, ಒಲೆಯ ಹೊಗೆ ಬಾರದ ಕಡೆ, ಪೋರ್ಟುಗಳು ಕೆಳಮುಖವಾಗುವಂತೆ ಗೋಡೆಗೆ ಹಾಕಿ. ಹೊರಗಿನಿಂದ ಬರುವ ಕೇಬಲ್ ಗೋಡೆಯ ತೂತಿಗೆ ನುಗ್ಗುವ ಮೊದಲು ಒಂದು ಗೇಣು ಕೆಳಗೆ ಜೋತು ಬಿದ್ದು ಮೇಲೇರಲಿ. ಇಲ್ಲದಿದ್ದರೆ ಜಡಿಮಳೆಯ ನೀರು ಕೇಬಲ್ ಹಿಡಿದುಕೊಂಡು ಸೀದಾ ಒಳಗೆ ಬರುತ್ತದೆ. ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಸ್ವಿಚ್ ಸದಾ ಬೆಚ್ಚಗಿರುವುದರಿಂದ ಆಷಾಢದ ಥಂಡಿಯಲ್ಲಿ ಇರುವೆ, ಹಲ್ಲಿಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.

ಎಲ್ಲ ಚುಚ್ಚಿದ ಮೇಲೆ ದೀಪಗಳನ್ನು ನೋಡಿ. ಬಹಳ ಸ್ವಿಚ್ಚುಗಳಲ್ಲಿ ಗಿಗಾಬಿಟ್‌ಗೆ ಒಂದು ಬಣ್ಣ, 100ಕ್ಕೆ ಇನ್ನೊಂದು. ಯಾವ ಬಣ್ಣ ಯಾವುದಕ್ಕೆ ಎಂದು ಪೆಟ್ಟಿಗೆಯ ಹಾಳೆಯಲ್ಲಿರುತ್ತದೆ. ಎರಡೂ ಕಡೆ ಗಿಗಾಬಿಟ್ ಇದ್ದೂ 100ರ ಬಣ್ಣ ಬಂದರೆ ಕೇಬಲ್ಲಿನ ತುದಿ ನೋಡಿ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಸರಿಯಾಗಿ ಕೂತಿರಬೇಕು. ನಮ್ಮ ಮಹಡಿಯ ಕೇಬಲ್ಲಿನಲ್ಲಿ ಕಂದು ಬಣ್ಣದ ಒಂದು ಎಳೆ ಸರಿಯಾಗಿ ಕೂತಿರಲಿಲ್ಲ. ಕ್ಲಿಪ್ ಕತ್ತರಿಸಿ ಹೊಸದು ಒತ್ತಿದೆವು, ದೀಪ ಹಸಿರಾಯಿತು. ಕೊನೆಗೆ ಪ್ರತಿ ಕೇಬಲ್ಲಿನ ತುದಿಗೂ ಅದು ಎಲ್ಲಿಂದ ಬಂತೆಂದು ಚೀಟಿ ಅಂಟಿಸಿ, ಮೇಲೆ ಸೆಲ್ಲೋಟೇಪ್ ಸುತ್ತಿ. ಬರೀ ಪೆನ್ನಿನ ಚೀಟಿ ನಮ್ಮ ಕಡೆಯ ಜುಲೈ ದಾಟುವುದಿಲ್ಲ.