ಇನ್‌ಸ್ಟಾಲ್ ಆಗ್ಯದ ಅಂತದ, ಇಂಪೋರ್ಟ್ ಮಾಡಿದ್ರ ಇಲ್ಲ ಅಂತದ: ಪೈಥಾನ್ ಮಾಡ್ಯೂಲ್ ತಕರಾರು ಹೆಂಗ್ ಬಗೆಹರಿಸ್ಬೇಕು

"ಸರ್, ಪಿಪ್ ಹಾಕೀನ್ರಿ, ಸಕ್ಸೆಸ್‌ಫುಲ್ ಅಂತ ಬಂದದ್ರಿ, ಆದ್ರ ಪ್ರೋಗ್ರಾಮ್ ಓಡಿಸಿದ್ರ ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್ ಅಂತ ಕೆಂಪಗ ಬರ್ಲಿಕ್ಕತ್ತದ್ರಿ." ಕಲಬುರಗಿಯೊಳಗ ಫೈನಲ್ ಇಯರ್ ಪ್ರಾಜೆಕ್ಟ್ ಸುರು ಆಯ್ತಂದ್ರ ನನಗ ಬರೋ ಫೋನಿನಾಗ ಹೆಚ್ಚಿನವು ಇದೇ ಮಾತಿನಿಂದ ಸುರು ಆಗ್ತಾವ. ಮಾಡ್ಯೂಲ್ ಅಂದ್ರ ಬ್ಯಾರೆಯವ್ರು ಬರ್ದಿಟ್ಟ, ನಾವು ಇಂಪೋರ್ಟ್ ಮಾಡಿ ಬಳಸೋ ಕೋಡ್, ಪಾಂಡಾಸ್ ಅಂಥಾದ್ದೊಂದು, ಪಿಪ್ ಅಂದ್ರ ಅದನ್ನ ಇಳಿಸಿ ಹಾಕೋ ಸಾಧನ. ಹೋದ ವರ್ಷ ಆಳಂದ ಕಡಿ ಹುಡುಗಿ ಒಬ್ಬಾಕಿ ಪೈಥಾನ್ ಮೂರು ಸಲ ತಗದು ಮೂರು ಸಲ ಹಾಕಿದ್ಳು, ಕಡಿಗೆ ಅಂಗಡಿಗೆ ಒಯ್ದು ವಿಂಡೋಸ್ ಸೈತ ಹೊಸದಾಗಿ ಹಾಕಿಸ್ಕೊಂಡು ಬಂದಿದ್ಳು, ಇದ್ದ ಫೈಲ್ ಎಲ್ಲಾ ಹೋದ್ವು, ತಕರಾರು ಮಾತ್ರ ಹಂಗೇ ಉಳೀತು. ಆಕಿ ಕೋಡಿನಾಗ ಒಂದು ತಪ್ಪೂ ಇರ್ಲಿಲ್ಲ. "ನನಗ ಕೋಡಿಂಗ್ ಬರಂಗಿಲ್ರಿ ಸರ್" ಅಂತ ಆಕಿ ಅಂದಾಗ ನನಗ ಭಾಳ ಸಂಕಟ ಆಯ್ತು. ಅದರ ಸಲುವಾಗೇ ಇದನ್ನ ಬರೀಲಿಕ್ಕತ್ತೀನಿ.

ಕಮಾಂಡ್ ಎಲ್ಲಾ ನಾ ಫೋನಿನಾಗ ಹೇಳೋ ಹಂಗೇ ಬರ್ದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ಹಾಕ್ರಿ. ಡ್ಯಾಶ್ ಅಂದ್ರ ಅಡ್ಡಗೆರಿ, ಡಾಟ್ ಅಂದ್ರ ಚುಕ್ಕಿ.

ಏನೂ ಅಳಿಸೋ ಮೊದ್ಲು ಒಂದೇ ಪ್ರಶ್ನೆ ಕೇಳ್ಕೋರಿ: ಇಲ್ಲಿ ಯಾವ ಪೈಥಾನ್? ಒಂದೇ ಲ್ಯಾಪ್‌ಟಾಪಿನಾಗ ಎರಡು ಮೂರು ಪೈಥಾನ್ ಇರೋದು ಭಾಳ ಸಾಮಾನ್ಯ, ವೆಬ್‌ಸೈಟಿಂದ ಇಳಿಸಿದ್ದು ಒಂದು, ಮೈಕ್ರೋಸಾಫ್ಟ್ ಸ್ಟೋರಿಂದ ಬಂದದ್ದು ಒಂದು, ಯಾರೋ ಹೇಳಿದ್ರಂತ ಹಾಕಿದ ಅನಕೊಂಡಾ ಒಂದು, ಮತ್ತ ಪ್ರತಿಯೊಂದಕ್ಕೂ ತನ್ನದೇ ಪಿಪ್, ತನ್ನದೇ ಸೈಟ್ ಪ್ಯಾಕೇಜಸ್ ಅನ್ನೋ ಫೋಲ್ಡರ್. ತೊಗರಿ ಚೀಲ ಅಣ್ಣನ ಮನ್ಯಾಗ ಇಳಿಸಿ ನಮ್ಮ ಮನ್ಯಾಗ ಹುಡುಕಿದ್ರ ಹೆಂಗ ಸಿಗ್ತದ? ಆ ಹುಡುಗಿದೂ ಹಂಗೇ ಆಗಿತ್ತು, ವಿಂಡೋಸ್ ಹೊಸದು ಆದ್ರೂ ಆಕಿ ಮತ್ತ ಅದೇ ಎರಡು ಪೈಥಾನ್ ಹಾಕಿದ್ಳು, ಪಿಪ್ ಒಂದ್ರಾಗ ಇಳಿಸ್ತಿತ್ತು, ಎಡಿಟರ್ ಇನ್ನೊಂದ್ರಾಗ ಓಡಿಸ್ತಿತ್ತು.

ಕಂಡುಹಿಡಿಯೋದು ಎರಡು ನಿಮಿಷದ ಕೆಲಸ. ಟರ್ಮಿನಲ್‌ನಾಗ ಪಿಪ್ ಡ್ಯಾಶ್ ಡ್ಯಾಶ್ ವರ್ಷನ್ ಹಾಕ್ರಿ, ಬರೇ ನಂಬರ್ ಅಲ್ಲ, ಆ ಪಿಪ್ ಯಾವ ಫೋಲ್ಡರಿನಾಗ ಅದ, ಯಾವ ಪೈಥಾನಿಂದು ಅಂತ ಪೂರಾ ದಾರಿ ತೋರಿಸ್ತದ. ಆಮ್ಯಾಲ ನಿಮ್ಮ ಪ್ರೋಗ್ರಾಮಿನ ಮೊದ್ಲನೇ ಸಾಲಿನಾಗ ಎಸ್ ವೈ ಎಸ್ ಅನ್ನೋ ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ ಸಿಸ್ ಡಾಟ್ ಎಕ್ಸಿಕ್ಯೂಟೇಬಲ್ ಪ್ರಿಂಟ್ ಮಾಡ್ರಿ. ಎರಡೂ ದಾರಿ ಬ್ಯಾರೆ ಬ್ಯಾರೆ ಪೈಥಾನಿಂದು ಅಂದ್ರ ಕಳ್ಳ ಸಿಕ್ಕ. ಇನ್ನ ಮುಂದ ಬರೇ ಪಿಪ್ ಇನ್‌ಸ್ಟಾಲ್ ಅನ್ಬ್ಯಾಡ್ರಿ, ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ಅಂತ ಹಾಕ್ರಿ. ಹಂಗ ಮಾಡಿದ್ರ ಪೈಥಾನ್ ಅಂತ ಟೈಪ್ ಮಾಡಿದಾಗ ಯಾವುದು ಏಳ್ತದೋ ಅದರೊಳಗೇ ಇಳೀತದ, ಅನುಮಾನಕ್ಕ ಜಾಗ ಇರಂಗಿಲ್ಲ.

ಅದಕ್ಕಿಂತ ಚಲೋ ದಾರಿ ಪ್ರಾಜೆಕ್ಟಿಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದ್ರ ಆ ಪ್ರಾಜೆಕ್ಟಿನ ಮಾಡ್ಯೂಲ್ ಅಷ್ಟೇ ಇಡೋ ಬ್ಯಾರೆ ಫೋಲ್ಡರ್. 2012ರಾಗ ಬಂದ ಪೈಥಾನ್ 3.3 ರಿಂದ ಇದು ಪೈಥಾನ್ ಜೊತಿಗೇ ಬರ್ತದ, ವಿಂಡೋಸಿನಾಗ ಬ್ಯಾರೆ ಏನೂ ಹಾಕೋದು ಬ್ಯಾಡ. ಪ್ರಾಜೆಕ್ಟ್ ಫೋಲ್ಡರಿನಾಗ ನಿಂತು ಪೈಥಾನ್ ಡ್ಯಾಶ್ ಎಂ ವಿ ಇ ಎನ್ ವಿ, ಒಂದು ಸ್ಪೇಸ್, ಆಮ್ಯಾಲ ಡಾಟ್ ವಿ ಇ ಎನ್ ವಿ ಅನ್ರಿ, ವಿಂಡೋಸ್ ಇದ್ರ ಅದರೊಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನ ಆಕ್ಟಿವೇಟ್ ಓಡಿಸ್ರಿ. ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸ್ಲಿಕ್ಕ ಪರ್ಮಿಶನ್ ಇಲ್ಲ ಅಂದ್ರ ಗಾಬರಿ ಬ್ಯಾಡ, ಕಮಾಂಡ್ ಪ್ರಾಂಪ್ಟಿನಾಗ ಅದೇ ಕೆಲಸ ಸಲೀಸು ಆಗ್ತದ. ವಿಎಸ್ ಕೋಡ್ ಎಡಿಟರಿನಾಗ ಕೆಳಗ ಬಲಗಡಿ ಇಂಟರ್‌ಪ್ರಿಟರ್, ಅಂದ್ರ ಕೋಡ್ ಓಡಿಸೋ ಪೈಥಾನ್, ಆರಿಸೋ ಜಾಗ ಅದ, ಅಲ್ಲಿ ಈ ಎನ್ವಿರಾನ್‌ಮೆಂಟೇ ಆರಿಸ್ರಿ, ಇದನ್ನ ಮರ್ತವ್ರೇ ಭಾಳ ಮಂದಿ.

ಒಂದು ಮಾತು ಗಟ್ಟಿ ನೆನಪಿಡ್ರಿ, ಈ ಫೋಲ್ಡರ್ ಪೆನ್‌ಡ್ರೈವಿನಾಗ ಕಾಪಿ ಮಾಡಿ ಗೆಳ್ಯಾನ ಲ್ಯಾಪ್‌ಟಾಪಿಗೆ ಹಾಕಿದ್ರ ನಡೆಯಂಗಿಲ್ಲ. ಅದರೊಳಗ ನಿಮ್ಮ ಮಷೀನಿನ ಪೂರಾ ದಾರಿ ಬರ್ದಿರ್ತದ. ಪಿಪ್ ಫ್ರೀಜ್ ಅಂದು ಬಂದ ಪಟ್ಟಿ ರಿಕ್ವೈರ್‌ಮೆಂಟ್ಸ್ ಡಾಟ್ ಟಿ ಎಕ್ಸ್ ಟಿ ಫೈಲಿನಾಗ ಇಟ್ಟು ಆ ಫೈಲ್ ಕೊಡ್ರಿ, ಅವ್ರು ತಮ್ಮಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡ್ಕೊಂಡು ಪಿಪ್ ಇನ್‌ಸ್ಟಾಲ್ ಡ್ಯಾಶ್ ಆರ್ ಅಂದು ಅದರ ಹೆಸ್ರು ಹಾಕ್ಲಿ.

ಹೆಸರಿನ ಗೊಂದಲ ಬ್ಯಾರೆ. ಇಂಪೋರ್ಟ್ ಮಾಡೋ ಹೆಸ್ರು ಇನ್‌ಸ್ಟಾಲ್ ಮಾಡೋ ಹೆಸ್ರು ಒಂದೇ ಇರ್ಬೇಕಂತ ಏನಿಲ್ಲ: ಸಿವಿ2 ಬೇಕಾದ್ರ ಓಪನ್‌ಸಿವಿ ಡ್ಯಾಶ್ ಪೈಥಾನ್, ಎಸ್‌ಕೆಲರ್ನ್‌ಗೆ ಸೈಕಿಟ್ ಡ್ಯಾಶ್ ಲರ್ನ್, ಪಿಐಎಲ್‌ಗೆ ಪಿಲ್ಲೋ, ಬಿಎಸ್4 ಗೆ ಬ್ಯೂಟಿಫುಲ್‌ಸೂಪ್4. ಅಂದಾಜಿನ ಮ್ಯಾಲ ಹೆಸ್ರು ಹೊಡೀಬ್ಯಾಡ್ರಿ, ಒಂದಕ್ಷರ ಆಚೀಚೆ ಇರೋ ಹೆಸರಿನಾಗ ಕೆಟ್ಟ ಕೋಡ್ ಇಟ್ಟು ಕಾಯೋ ಮಂದಿನೂ ಇದ್ದಾರ. ಇನ್ನೊಂದು, ನಿಮ್ಮ ಫೈಲಿಗೇ ಪಾಂಡಾಸ್ ಡಾಟ್ ಪಿವೈ ಅಂತ ಹೆಸ್ರು ಇಟ್ಟಿದ್ರ ಪೈಥಾನ್ ನಿಮ್ಮ ಫೈಲನ್ನೇ ಮೊದ್ಲು ಎತ್ಕೋತದ, ಖರೇ ಪಾಂಡಾಸ್ ಹಿಂದ ಉಳೀತದ. ಫೈಲಿನ ಹೆಸ್ರು ಬದಲು ಮಾಡ್ರಿ, ಮುಗೀತು.

ಈಗ ಎಲ್ಲಾರೂ ಅಂಜೋ ವಿಷಯಕ್ಕ ಬರೂಣು, ಇನ್‌ಸ್ಟಾಲ್ ಮಾಡೋವಾಗೇ ನೂರಾರು ಸಾಲು ಎರರ್ ಬರೋದು. ಕಡೀ ಸಾಲು ಓದಿ ಬಿಡ್ಬ್ಯಾಡ್ರಿ, ಅಲ್ಲಿ ಸಾಮಾನ್ಯವಾಗಿ "ಇದು ಪಿಪ್ ತಪ್ಪಲ್ಲ" ಅನ್ನೋ ಅರ್ಥದ ಮಾತು ಅಷ್ಟೇ ಇರ್ತದ. ಕೆಳಗಿಂದ ಮ್ಯಾಲ ಹೋಗ್ತಾ ಎರರ್ ಅನ್ನೋ ಶಬ್ದ ಇರೋ ಖರೇ ಸಾಲು ಹುಡುಕ್ರಿ. ಮೈಕ್ರೋಸಾಫ್ಟ್ ವಿಶುವಲ್ ಸಿ ಪ್ಲಸ್ ಪ್ಲಸ್ 14.0 ಬೇಕು ಅಂತ ಇದ್ರ, ಇಲ್ಲಾ ಲಿನಕ್ಸಿನಾಗ ಪೈಥಾನ್ ಡಾಟ್ ಎಚ್ ಸಿಗಲಿಲ್ಲ ಅಂತ ಇದ್ರ, ಪಿಪ್ ಆ ಮಾಡ್ಯೂಲನ್ನ ನಿಮ್ಮ ಮಷೀನಿನಾಗೇ ಸೋರ್ಸಿಂದ ಕಟ್ಲಿಕ್ಕ ಹೊಂಟದ ಅಂತ ಅರ್ಥ. ಯಾಕಂದ್ರ ನಿಮಗ ಹೊಂದೋ ವೀಲ್ ಅದಕ್ಕ ಸಿಕ್ಕಿಲ್ಲ. ವೀಲ್ ಅಂದ್ರ ಮೊದ್ಲೇ ಕಟ್ಟಿ ಇಟ್ಟ ಪ್ಯಾಕೇಜ್, ಅದರ ಹೆಸರಿನಾಗೇ ಎಲ್ಲಾ ಬರ್ದಿರ್ತದ, ಸಿಪಿ312 ಅಂದ್ರ ಪೈಥಾನ್ 3.12ಕ್ಕ, ವಿನ್ ಎಎಂಡಿ64 ಅಂದ್ರ 64 ಬಿಟ್ ವಿಂಡೋಸಿಗೆ. ನಂದು ಇಂಟೆಲ್ ಅದರೀ, ಎಎಂಡಿ ನಡೀತದೇನು ಅಂತ ಕೇಳ್ತಾರ, ನಡೀತದ, ಅದು ಆ 64 ಬಿಟ್ ಪದ್ಧತಿ ಹೆಸ್ರು.

ವೀಲ್ ಸಿಗದಿರ್ಲಿಕ್ಕ ದೊಡ್ಡ ಕಾರಣ ತೀರ ಹೊಸ ಪೈಥಾನ್ ಹಾಕ್ಕೊಂಡಿರೋದು. ಪ್ರತಿ ವರ್ಷ ಅಕ್ಟೋಬರಿನಾಗ ಹೊಸ ವರ್ಷನ್ ಬರ್ತದ, ಮಾಡ್ಯೂಲ್ ಬರ್ದವ್ರು ಅದಕ್ಕ ವೀಲ್ ಕಟ್ಟಿ ಹಾಕ್ಲಿಕ್ಕ ಸ್ವಲ್ಪ ಟೈಮ್ ಹಿಡೀತದ. ಪ್ರಾಜೆಕ್ಟ್ ಮಾಡೋರು ಒಂದು ವರ್ಷನ್ ಹಿಂದಿನದು ಹಾಕ್ರಿ ಅಂತ ನಾ ಯಾವಾಗ್ಲೂ ಹೇಳ್ತೀನಿ. 32 ಬಿಟ್ ಪೈಥಾನ್ ಹಾಕಿದ್ರೂ ಇದೇ ಗತಿ. ಸೋರ್ಸಿಂದ ಕಟ್ಲಿಕ್ಕ ಬೇಕಾದ ಜಿಬಿಗಟ್ಟಲೆ ಕಂಪೈಲರ್ ಇಳಿಸೋ ಮೊದ್ಲು ಇವೆರಡು ನೋಡ್ರಿ. ಹಳೇ ಪ್ರಾಜೆಕ್ಟ್ ತಂದು ಓಡಿಸೋವಾಗ ಡಿಸ್ಟ್‌ಯುಟಿಲ್ಸ್ ಇಲ್ಲ ಅಂತ ಬಂದ್ರ, ಪೈಥಾನ್ ಜೊತಿಗೇ ಬರ್ತಿದ್ದ ಆ ಹಳೇ ಮಾಡ್ಯೂಲನ್ನ ಪೈಥಾನ್ 3.12ರಾಗ ತಗದು ಹಾಕ್ಯಾರ. ನಂಪೈ ಅನ್ನೋ ಲೆಕ್ಕದ ಮಾಡ್ಯೂಲಿನ 1ನೇ ವರ್ಷನ್ ಇದ್ದಾಗ ಕಟ್ಟಿದ ಮಾಡ್ಯೂಲ್ ನಂಪೈ 2 ಜೊತಿಗೆ ಓಡಂಗಿಲ್ಲ ಅಂತ ಬಂದ್ರ, 2024ರ ಜೂನಿನಾಗ ನಂಪೈ 2.0 ಬಂದ ಮ್ಯಾಲಿನ ತಕರಾರು ಅದು, ಆ ಮಾಡ್ಯೂಲಿನ ಹೊಸ ವರ್ಷನ್ ಹಾಕ್ರಿ, ಅದು ಇಲ್ಲಂದ್ರ ನಂಪೈ 2ಕ್ಕಿಂತ ಕೆಳಗಿಂದು ಹಾಕ್ರಿ.

ಉಬುಂಟು ಹೊಸದು ಇದ್ದವ್ರಿಗೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಅಂತ ಬರ್ತದ. ಸಿಸ್ಟಮ್ ತನ್ನ ಕೆಲಸಕ್ಕ ಇಟ್ಕೊಂಡ ಪೈಥಾನಿಗೆ ಕೈ ಹಚ್ಚಬ್ಯಾಡ್ರಿ ಅಂತ ಅದು ತಡೀತದ. ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅನ್ನೋ ಆಪ್ಷನ್ ಹಾಕಿ ಮುರ್ಕೊಂಡು ಹೋಗ್ಬ್ಯಾಡ್ರಿ, ಮ್ಯಾಲ ಹೇಳಿದ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡ್ರಿ.

ನೆಟ್ ವಿಷಯ ನಮ್ಮ ಕಡಿ ಸಣ್ಣದಲ್ಲ. ಅಫಜಲಪುರ, ಚಿಂಚೋಳಿ ಕಡಿ ಹಳ್ಳಿಯೊಳಗ ಮೊಬೈಲ್ ಹಾಟ್‌ಸ್ಪಾಟಿನ ಮ್ಯಾಲ ಕುಂತ ಹುಡುಗ್ರಿಗೆ ರೀಡ್ ಟೈಮ್‌ಔಟ್ ಅಂತ ಬರ್ತದ, ಪಿಪ್ ಕಾಯೋದು ಬರೇ 15 ಸೆಕೆಂಡು. ಡ್ಯಾಶ್ ಡ್ಯಾಶ್ ಟೈಮ್‌ಔಟ್ 100 ಅಂತ ಸೇರಿಸಿದ್ರ ಸಾಕಷ್ಟು ಸಲ ದಾಟ್ತದ. ಲಿನಕ್ಸಿನಾಗ ಟಾರ್ಚ್, ಅಂದ್ರ ಪೈಟಾರ್ಚ್ ಅನ್ನೋ ಮಷೀನ್ ಲರ್ನಿಂಗ್ ಮಾಡ್ಯೂಲ್, ಹಾಕೋರು ಹುಷಾರ್, ಸುಮ್ನ ಹಾಕಿದ್ರ ಗ್ರಾಫಿಕ್ಸ್ ಕಾರ್ಡಿನ ಫೈಲ್ ಸೈತ ಜಿಬಿಗಟ್ಟಲೆ ಬಂದು ದಿನದ ಡೇಟಾ ಖಾಲಿ ಆಗ್ತದ, ಪೈಟಾರ್ಚ್ ಸೈಟಿನಾಗ ಸಿಪಿಯು ಆರಿಸಿ ಅವ್ರು ಕೊಟ್ಟ ಕಮಾಂಡೇ ಹಾಕ್ರಿ. ಎಲ್ಲಕ್ಕಿಂತ ಚಲೋ ಅಂದ್ರ ಕಾಲೇಜಿನ ಲ್ಯಾಬಿನಾಗ ನೆಟ್ ಇದ್ದಾಗ ಪಿಪ್ ಡೌನ್‌ಲೋಡ್ ಡ್ಯಾಶ್ ಡಿ ಅಂದು ಫೋಲ್ಡರಿನ ಹೆಸ್ರು, ಆಮ್ಯಾಲ ಡ್ಯಾಶ್ ಆರ್ ರಿಕ್ವೈರ್‌ಮೆಂಟ್ಸ್ ಡಾಟ್ ಟಿ ಎಕ್ಸ್ ಟಿ ಹಾಕಿ ವೀಲ್ ಎಲ್ಲಾ ಪೆನ್‌ಡ್ರೈವಿಗೆ ತುಂಬ್ಕೊಂಡು ಹೋಗ್ರಿ. ಮನ್ಯಾಗ ಪಿಪ್ ಇನ್‌ಸ್ಟಾಲ್‌ಗೆ ನೋ ಡ್ಯಾಶ್ ಇಂಡೆಕ್ಸ್, ಫೈಂಡ್ ಡ್ಯಾಶ್ ಲಿಂಕ್ಸ್ ಅನ್ನೋ ಎರಡು ಆಪ್ಷನ್ ಸೇರಿಸಿ, ಎರಡಕ್ಕೂ ಮುಂದ ಜೋಡಿ ಡ್ಯಾಶ್, ಎರಡನೇದಕ್ಕ ಆ ಫೋಲ್ಡರ್ ತೋರಿಸಿದ್ರ ನೆಟ್ ಇಲ್ದೇನೇ ಇನ್‌ಸ್ಟಾಲ್ ಆಗ್ತದ. ಲ್ಯಾಬಿನ ಪೈಥಾನ್ ವರ್ಷನ್, ವಿಂಡೋಸೋ ಲಿನಕ್ಸೋ ಅನ್ನೋದು ಮನೀದಕ್ಕ ಹೊಂದಿರ್ಬೇಕು, ಇಲ್ಲಂದ್ರ ತಂದ ವೀಲ್ ಕೂಡಂಗಿಲ್ಲ.

ನಿಮ್ಮದೇ ಮಾಡ್ಯೂಲ್ ಕಟ್ಟಿ ಬ್ಯಾರೆಯವ್ರಿಗೆ ಕೊಡೋವಾಗಿನ ತಕರಾರು ಬ್ಯಾರೆ ಥರ. ಈಗ ಎಲ್ಲಾ ಪೈಪ್ರಾಜೆಕ್ಟ್ ಡಾಟ್ ಟಿಒಎಂಎಲ್ ಅನ್ನೋ ಒಂದೇ ಫೈಲಿನಾಗ ಬರೀತಾರ. ಡಿಪೆಂಡೆನ್ಸಿ, ಅಂದ್ರ ನಿಮ್ಮ ಮಾಡ್ಯೂಲಿಗೆ ಬೇಕಾದ ಬ್ಯಾರೆ ಮಾಡ್ಯೂಲ್, ಬರೀಲಿಕ್ಕ ಮರ್ತ್ರ ನಿಮ್ಮಲ್ಲಿ ಓಡ್ತದ, ಅವ್ರಲ್ಲಿ ಓಡಂಗಿಲ್ಲ. ನಮ್ಮ ಕಡಿ ಕನ್ನಡ ಶಬ್ದಗಳ ಪಟ್ಟಿ ಟೆಕ್ಸ್ಟ್ ಫೈಲಿನಾಗ ಇಟ್ಟು ಒಬ್ಬ ಹುಡುಗ ಮಾಡ್ಯೂಲ್ ಮಾಡಿದ್ದ, ಕೋಡ್ ಹೋಯ್ತು, ಪಟ್ಟಿ ಹೋಗಿರ್ಲಿಲ್ಲ, ವೀಲ್ ಕಟ್ಟೋ ಸೆಟಪ್‌ಟೂಲ್ಸಿಗೆ ಪ್ಯಾಕೇಜ್ ಡೇಟಾ ಅಂತ ಬಿಡಿಸಿ ಹೇಳಿರ್ಲಿಲ್ಲ ಅಷ್ಟೇ. ವೀಲ್ ಅನ್ನೋದು ಜಿಪ್ ಫೈಲೇ, ಒಂದು ಕಾಪಿ ಮಾಡಿ ಕಡೀ ಹೆಸ್ರು ಜಿಪ್ ಅಂತ ಬದಲಿಸಿ ತಗದು ನೋಡ್ರಿ, ಏನದ ಏನಿಲ್ಲ ಕಣ್ಣಿಗೇ ಕಾಣ್ತದ. ಆಮ್ಯಾಲ ಪಟ್ಟಿ ಬಂತು, ವಿಂಡೋಸಿನಾಗ ಯೂನಿಕೋಡ್ ಡಿಕೋಡ್ ಎರರ್ ಸುರು ಆಯ್ತು, ಯಾಕಂದ್ರ ಎನ್‌ಕೋಡಿಂಗ್, ಅಂದ್ರ ಅಕ್ಷರ ಫೈಲಿನಾಗ ಇಡೋ ಪದ್ಧತಿ, ಹೇಳ್ದೇ ಫೈಲ್ ತಗದ್ರ ಅಲ್ಲಿ ಪೈಥಾನ್ ಯುಟಿಎಫ್ 8 ಅಂತ ತಿಳ್ಕೊಳ್ಳಂಗಿಲ್ಲ. ಕನ್ನಡ ಇರೋ ಪ್ರತಿ ಫೈಲಿಗೂ ಓಪನ್ ಒಳಗ ಎನ್‌ಕೋಡಿಂಗ್ ಯುಟಿಎಫ್ 8 ಅಂತ ನೀವೇ ಬರೀರಿ.

ಪಿಪ್ ಮಾಡ್ಯೂಲ್ ಇಳಿಸ್ಕೊಳ್ಳೋ ಭಂಡಾರ ಪೈಪಿಐಗೆ ಒಂದ್ಸಲ ಏರಿಸಿದ ಫೈಲ್ ಅಳಿಸಿದ್ರೂ ಅದೇ ಹೆಸ್ರು ನಂಬರಿನಾಗ ಮತ್ತ ಏರಿಸ್ಲಿಕ್ಕ ಬರಂಗಿಲ್ಲ, ಹಿಂಗಾಗಿ ಮೊದ್ಲು ಅದರದೇ ಪರೀಕ್ಷೆ ಜಾಗ ಟೆಸ್ಟ್ ಪೈಪಿಐನಾಗ ಹಾಕಿ ನೋಡ್ರಿ. ಅದಕ್ಕೂ ಮೊದ್ಲು ಹೊಸ ಎನ್ವಿರಾನ್‌ಮೆಂಟ್ ಮಾಡಿ ವೀಲ್ ಇನ್‌ಸ್ಟಾಲ್ ಮಾಡ್ರಿ, ಪ್ರಾಜೆಕ್ಟ್ ಫೋಲ್ಡರ್ ಬಿಟ್ಟು ಹೊರಗಿನ ಬ್ಯಾರೆ ಫೋಲ್ಡರಿನಾಗ ನಿಂತು ಇಂಪೋರ್ಟ್ ಮಾಡ್ರಿ. ಒಳಗೇ ನಿಂತು ಮಾಡಿದ್ರ ಪೈಥಾನ್ ಇನ್‌ಸ್ಟಾಲ್ ಆದದ್ದು ಬಿಟ್ಟು ಎದುರಿಗಿರೋ ಸೋರ್ಸ್ ಎತ್ಕೋತದ, ಎಲ್ಲಾ ಬರೋಬರಿ ಅದ ಅಂತ ಕಾಣ್ತದ, ಪ್ಯಾಕೇಜಿನಾಗ ಬಿಟ್ಟುಹೋದದ್ದು ಗೊತ್ತೇ ಆಗಂಗಿಲ್ಲ.